ಎಡಬುಟ್ಟಿ ಹಸಿರು, ಬಲಬುಟ್ಟಿ ಕೆಂಪು

ಫರಿಗ್ ಕಣಿವೆಯಲ್ಲಿ ನೇಕಾರ ಟೊರ್ಕಿಲ್‌ನ ತಂಗಿ ಮಾರ್ಸಲಿಯ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು: ಅಣ್ಣನೆಂದರೆ ಅವಳಿಗೆ ಪ್ರಾಣ. ಅವನು ಮಗ್ಗದಲ್ಲಿ ಕೂತರೆ ಇವಳು ಪಕ್ಕದಲ್ಲಿರಲೇಬೇಕು. ಚರ್ಚಿಗೆ ಹೋದರೆ ಕಡೆಯ ಕೀರ್ತನೆ ಮುಗಿಯುವಷ್ಟರಲ್ಲಿ ಬಾಗಿಲು ದಾಟಿರುತ್ತಿದ್ದಳು. ಮದುವೆಮನೆಯಲ್ಲಿ ಎರಡು ಕುಣಿತ ಕುಣಿದು ಮೂರನೆಯದಕ್ಕೆ ಶಾಲು ಹುಡುಕಲು ಶುರು. ಇಂಥ ತಂಗಿ ಯಾರಿಗುಂಟು ಎಂದು ಜನ ಬಾಯ್ತುಂಬ ಹೊಗಳುತ್ತಿದ್ದರು. ಹೊಗಳುವವರಿಗೇನು ಗಂಟು ಹೋಗಬೇಕು? ಗೂಟಕ್ಕೆ ಕಟ್ಟಿದ ಹಸುವನ್ನು ನೋಡಿ ಎಷ್ಟು ಸಾಧು ಎಂದ ಹಾಗೆ ಅದು.

ಗೂಟ ಯಾವುದೆಂದು ಕಣಿವೆಗೆ ಗೊತ್ತಿರಲಿಲ್ಲ. ಟೊರ್ಕಿಲ್‌ಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಅವನ ಕಣ್ಣಿಗೆ ಎರಡೂ ಗುಡ್ಡದ ಮೇಲೆ ಒಣಗಿ ನಿಂತ ಜರಿಗಿಡದ ಬಣ್ಣ. ಬೇರೆ ಯಾರಿಗಾದರೂ ಇದ್ದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಕುರಿ ಕಾಯುವವನಿಗೆ ಹುಲ್ಲು ಯಾವ ಬಣ್ಣವಾದರೇನು? ಆದರೆ ಇವನು ನೇಕಾರನ ಮಗ, ನೇಕಾರನ ಮೊಮ್ಮಗ. ನೇಯಬೇಕಾದದ್ದು ಟಾರ್ಟನ್ ಎಂಬ ಚೌಕುಳಿ ಉಣ್ಣೆಬಟ್ಟೆ. ಅದರಲ್ಲೂ ನಮ್ಮ ಕಣಿವೆಯ ಚೌಕುಳಿ ಎಂದರೆ ಹಸಿರಿನ ಅಗಲ ಹೊಲ, ಅದರ ಎರಡು ಮಗ್ಗುಲಿಗೂ ಕೆಂಪು ಪಟ್ಟೆ, ಆಚೆ ಗಾಢ ನೀಲಿ, ನೀಲಿಯ ನಡುವೆ ಒಂದೇ ಒಂದು ಬಿಳಿ ಎಳೆ. ಪಟ್ಟೆಗಳು ಆ ಬಿಳಿ ಎಳೆಯವರೆಗೆ ಹೋಗಿ, ಹೋದ ದಾರಿಯಲ್ಲೇ ಒಂದೂ ತಪ್ಪದೆ ಹಿಂದಿರುಗುತ್ತವೆ. ಉದ್ದೆಳೆಯ ಹಾಸಿನಲ್ಲಿ ಯಾವ ಸಾಲೋ ಅಡ್ಡೆಳೆಯ ಹೊಕ್ಕಿನಲ್ಲೂ ಅದೇ ಸಾಲು. ಕೆಂಪಿನ ಮೇಲೆ ಕೆಂಪು ಬಿದ್ದ ಕಡೆ ಅಪ್ಪಟ ಕೆಂಪು ಚೌಕ, ಹಸಿರಿನ ಮೇಲೆ ಹಸಿರು ಬಿದ್ದ ಕಡೆ ಅಪ್ಪಟ ಹಸಿರು. ಅದು ತಪ್ಪಿದರೆ ಹೊಲದಾಚೆಯಿಂದಲೇ ಮಕ್ಕಳಿಗೂ ತಿಳಿಯುತ್ತದೆ.

ಅಪ್ಪ ತೀರಿಕೊಂಡಾಗ ಟೊರ್ಕಿಲ್‌ಗೆ ಮೀಸೆ ಚಿಗುರಿತ್ತಷ್ಟೆ. ಮನೆ ಜಮೀನುದಾರರದು, ಮಗ್ಗ ನಡೆಯುವವರೆಗೆ ಮಾತ್ರ ಇವರದು. ಅಮ್ಮ ಅವನನ್ನು ಮಗ್ಗದಲ್ಲಿ ಕೂರಿಸಿ, ಮಾರ್ಸಲಿಯನ್ನು ಪಕ್ಕದಲ್ಲಿ ಕೂರಿಸಿದಳು. ನೂಲಿಗೆ ಬಣ್ಣ ಕಟ್ಟುವುದು, ಹಾಸು ಹೂಡುವುದು, ಹೊಕ್ಕಿನ ನೂಲನ್ನು ಕಂಡಿಕೆಯ ಸಣ್ಣ ಕೊಳವೆಗೆ ಸುತ್ತಿ ಬುಟ್ಟಿಗೆ ತುಂಬುವುದು ಅವಳ ಪಾಲು. ಎಡಬುಟ್ಟಿ ಹಸಿರು, ಬಲಬುಟ್ಟಿ ಕೆಂಪು. ಐದು ವರ್ಷದ ನಂತರ ಅಮ್ಮನೂ ಹಾಸಿಗೆ ಹಿಡಿದಾಗ ಮಗಳ ಕೈಯನ್ನು ಬೈಬಲಿನ ಮೇಲೆ ಇರಿಸಿಕೊಂಡಳು. ಅವನ ಕಣ್ಣು ನೀನೇ, ಈ ವಿಷಯ ನಿನ್ನ ಬಾಯಿ ದಾಟಕೂಡದು, ಊರು ನಗುತ್ತದೆ, ಮನೆ ಹೋಗುತ್ತದೆ ಎಂದಳು. ಮಾರ್ಸಲಿ ಹೂಂ ಎಂದಳು. ಇಪ್ಪತ್ತು ತುಂಬದ ಹುಡುಗಿ, ಸಾಯುವ ತಾಯಿಗೆ ಇನ್ನೇನು ಹೇಳಿಯಾಳು?

ಅಲ್ಲಿಗೆ ಬಾಯಿಗೂ ಬೀಗ, ಕಾಲಿಗೂ ಬೀಗ. ಬಾವಿ, ಬಣ್ಣದ ಹಂಡೆ, ರಾಟೆ, ಬುಟ್ಟಿ, ಮತ್ತೆ ಬಾವಿ. ಒಂದು ಬೇಸಿಗೆಯಲ್ಲಿ ಅವಳು ನೀರು ತರಲು ಹೋದಾಗ ಕೋಳಿಗಳು ಒಳನುಗ್ಗಿ ಎರಡೂ ಬುಟ್ಟಿ ಉರುಳಿಸಿದವು. ಮನೆಯೊಳಗಿನ ಗದ್ದಲ ಕೇಳಿ, ಬಿಂದಿಗೆ ಅಲ್ಲೇ ಬಿಟ್ಟು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರೆ ಕಂಡಿಕೆಗಳೆಲ್ಲ ಅವುಗಳ ಬುಟ್ಟಿಯಲ್ಲೇ ಇದ್ದವು. ಅದೃಷ್ಟ, ಒಂದೊಂದು ಬುಟ್ಟಿಯದು ಒಂದೊಂದು ಕಡೆಗೆ ಉರುಳಿತ್ತು, ಎತ್ತಿ ಹಾಕಿದೆ ಎಂದ ಅಣ್ಣ. ಅವಳು ದೇವರಿಗೆ ಕೈ ಮುಗಿದು ಮತ್ತೆ ನೀರಿಗೆ ಹೋದಳು.

ಟೊರ್ಕಿಲ್ ಕೆಟ್ಟವನಲ್ಲ. ಕೈ ಎತ್ತಿದವನಲ್ಲ, ದನಿ ಏರಿಸಿದವನೂ ಅಲ್ಲ. ಸಿಳ್ಳೆ ಹಾಕುತ್ತ ನೇಯುತ್ತಿದ್ದ. ಕಂಡಿಕೆಯನ್ನು ಲಾಳಿಯೊಳಗೆ ಕೂರಿಸಿ, ಲಾಳಿಯ ಪಕ್ಕದ ಸಣ್ಣ ತೂತಿಗೆ ತುಟಿ ಹಚ್ಚಿ ಒಮ್ಮೆ ಉಸಿರೆಳೆದನೆಂದರೆ ನೂಲಿನ ತುದಿ ಬಾಯಿಗೆ ಬರುತ್ತಿತ್ತು. ನೇಕಾರರೆಲ್ಲ ನೂಲು ಪೋಣಿಸುವುದು ಹಾಗೆಯೇ. ಟೊರ್ಕಿಲ್‌ಗೆ ಲಾಳಿಯೇ ಹೆಂಡತಿ, ಬೆಳಗಿನಿಂದ ಸಂಜೆಯವರೆಗೆ ಮುತ್ತೋ ಮುತ್ತು ಎಂದು ಊರ ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು. ಅವನೂ ನಗುತ್ತಿದ್ದ. ನನ್ನ ತಂಗಿ ಇಲ್ಲದಿದ್ದರೆ ಈ ಕಣಿವೆಯ ಗಂಡಸರೆಲ್ಲ ಬತ್ತಲೆ ತಿರುಗಬೇಕಾಗಿತ್ತು ಎಂದು ಬಂದವರೆದುರು ಹೇಳುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಮಾರ್ಸಲಿಗೆ ಯಾರೋ ಕೊರಳಿನ ಹಗ್ಗವನ್ನು ಒಂದು ಸುತ್ತು ಬಿಗಿ ಮಾಡಿದಂತೆ ಅನಿಸುತ್ತಿತ್ತು. ಆದರೂ ಅವಳು ಬಂದವರ ಜೊತೆ ನಗುತ್ತಿದ್ದಳು.

ದೋಣಿ ಕಟ್ಟುವ ಬಡಗಿ ಲಾಕ್ಲನ್ ಅವಳನ್ನು ಮೊದಲು ಕೇಳಿದ್ದು ಅಮ್ಮ ಸತ್ತ ಮರುವರ್ಷದ ಬೇಸಿಗೆಯಲ್ಲಿ. ಅವಳಿಗೂ ಅವನೆಂದರೆ ಇಷ್ಟವಿತ್ತು, ಬೇಕಾದಷ್ಟಿತ್ತು. ಆಗುವುದಿಲ್ಲ ಎಂದಳು. ಯಾಕೆ ಎಂದು ಅವನು ಕೇಳಿದ. ಹೇಳುವಂತಿರಲಿಲ್ಲ, ಹಾಗಾಗಿ ಅವಳು ಕಾಲಬುಡದ ಹುಲ್ಲು ಕಿತ್ತಳು. ಅವನು ಪಕ್ಕದೂರಿನವಳನ್ನು ಮದುವೆಯಾದ. ಮಕ್ಕಳಾಗಲಿಲ್ಲ, ಹೆಂಡತಿ ಎದೆಬೇನೆಯಿಂದ ಹೋದಳು. ಈಗ, ಇಬ್ಬರ ತಲೆಯಲ್ಲೂ ಬಿಳಿ ಕಾಣಿಸಿಕೊಂಡ ಮೇಲೆ, ಅವನು ಮತ್ತೆ ಕೇಳಿದ. ಪಶ್ಚಿಮದ ಕಡಲಂಚಿನಲ್ಲಿ ಅವನಿಗೆ ಮನೆ, ಒಂದಿಷ್ಟು ನೆಲ ಗೇಣಿಗೆ ಸಿಕ್ಕಿತ್ತು. ಕಣಿವೆಯಲ್ಲಿ ಮನೆ ಬಿಡುವವರು, ಹಿಡಿಯುವವರು, ಕೆಲಸ ಬದಲಿಸುವವರು ಎಲ್ಲರೂ ಹೊರಡುವುದು ಮೇ ಕೊನೆಯ ಗಡುವಿನ ದಿನ. ಅವನ ಗಾಡಿಯೂ ಅಂದೇ ಹೊರಡಬೇಕಿತ್ತು.

"ಆಗ ಒಂದ್ಸಲ ಕೇಳ್ದೆ, ಈಗ ಒಂದ್ಸಲ ಕೇಳ್ತಿದೀನಿ," ಎಂದ ಲಾಕ್ಲನ್. "ಮೂರನೇ ಸಲಕ್ಕೆ ನಾಚಿಕೆ ಏನೂ ಅಡ್ಡ ಬರಲ್ಲ ಮಾರ್ಸಲಿ. ವಯಸ್ಸು ಅಡ್ಡ ಬರುತ್ತೆ."

ಅವತ್ತು ಅವಳು ಇಲ್ಲ ಎನ್ನಲಿಲ್ಲ. ಮನೆಗೆ ಬಂದು, ಗಂಜಿ ಕಲಕುತ್ತ, ಅಣ್ಣನಿಗೆ ಬೆನ್ನು ಹಾಕಿಕೊಂಡೇ ವಿಷಯ ಹೇಳಿದಳು. ಸಿಳ್ಳೆ ನಿಂತಿತು. ಒಳ್ಳೆಯವನು ಲಾಕ್ಲನ್, ಹೋಗು, ನಾನೇನು ನಿನ್ನ ಕಟ್ಟಿಹಾಕಿದೀನಾ ಎಂದ ಟೊರ್ಕಿಲ್. ಆಮೇಲೆ ಎದ್ದು ಎರಡು ಕಂಡಿಕೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ.

"ಇದ್ಯಾವುದೇ?"

"ಹಸಿರು."

"ಇದು?"

"ಕೆಂಪು ಕಣೋ ಅಣ್ಣ."

ಅವನು ತಲೆಯಾಡಿಸಿ ಕಂಡಿಕೆಗಳನ್ನು ಬುಟ್ಟಿಗೆ ಹಾಕಿದ. ಮುಂದೆ ಮಾತೇ ಬೇಕಾಗಲಿಲ್ಲ. ಅಂದು ಅವಳು ತನ್ನ ಪಾಲಿನ ಗಂಜಿಯನ್ನು ಕೋಳಿಗಳಿಗೆ ಸುರಿದಳು.

ಆದರೆ ಈ ಸಲ ಮನಸ್ಸು ಸುಮ್ಮನೆ ಬಿದ್ದುಕೊಳ್ಳಲು ಒಪ್ಪಲಿಲ್ಲ. ಆಣೆ ಇಟ್ಟದ್ದು ಬಾಯಿಯ ಮೇಲೆ. ತಾನು ಹೇಳಕೂಡದು, ಸರಿ. ಬಟ್ಟೆಯೇ ಹೇಳಿದರೆ? ಆಗ ಮಗ್ಗದಲ್ಲಿದ್ದದ್ದು ಜಮೀನುದಾರರ ಬೇಟೆಯಾಳುಗಳಿಗೆ ಹೊದಿಕೆ ಬಟ್ಟೆ. ದೊಡ್ಡ ಕೆಲಸ. ಅದು ಕೆಟ್ಟರೆ ಅವರ ಕಾರಭಾರಿ ಪೇಟೆಯ ಉಗಿಮಗ್ಗದವರಿಗೆ ಕೆಲಸ ಕೊಟ್ಟುಬಿಡುತ್ತಾನೆ, ಮನೆಯೂ ಹೋಗಬಹುದು. ಹೋಗಲಿ ಎಂದುಕೊಂಡಳು. ಗುಟ್ಟು ಬಯಲಾದ ಮೇಲೆ ಕಾಯುವುದಕ್ಕೆ ಏನು ಉಳಿಯುತ್ತದೆ? ಅಣ್ಣನನ್ನೂ ಕಡಲ ಕಡೆಗೆ ಕರೆದುಕೊಂಡು ಹೋದರಾಯಿತು. ಬಲೆ ಹೆಣೆಯುವುದಕ್ಕೆ ಬಣ್ಣ ಬೇಕಿಲ್ಲ. ತಾನು ಮಾಡಹೊರಟಿರುವುದು ದ್ರೋಹ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದಳು.

ಮೇ ತಿಂಗಳ ನಡುವೆ ಆಚೆ ಕಣಿವೆಯ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ದಿನಗಳು ಬಂದವು. ಗುರುವಾರದಿಂದ ಸೋಮವಾರದವರೆಗೆ ಬಯಲಲ್ಲೇ ಉಪದೇಶ, ನೆಂಟರ ಮನೆಯಲ್ಲಿ ವಾಸ್ತವ್ಯ. ಯಾವತ್ತೂ ಹೋಗದವಳು ಈ ವರ್ಷ ಹೋಗುತ್ತೇನೆ ಎಂದಳು. ಅಷ್ಟು ದಿನವಾ ಎಂದು ಟೊರ್ಕಿಲ್ ಮುಖ ಸಪ್ಪೆ ಮಾಡಿದ. ಕಂಡಿಕೆಗಳನ್ನೆಲ್ಲ ಸುತ್ತಿಟ್ಟಿದ್ದೇನೆ, ಪಟ್ಟೆಯ ಸಾಲು ನಿನಗೆ ಬಾಯಿಪಾಠ, ನೀನು ಬುಟ್ಟಿ ನೋಡಿಕೊಂಡರೆ ಸಾಕು ಎಂದಳು. ಆಮೇಲೆ ಬಾಗಿಲಲ್ಲಿ ನಿಂತು, ಅವನ ಮುಖ ನೋಡದೆ ಹೇಳಿದಳು.

"ಎಡಬುಟ್ಟಿ ಹಸಿರು, ಬಲಬುಟ್ಟಿ ಕೆಂಪು."

ಅಂದು ಎಡಬುಟ್ಟಿಯಲ್ಲಿದ್ದದ್ದು ಕೆಂಪು.

ಅಷ್ಟೂ ದಿನ ಅವಳ ಕಿವಿಗೆ ಒಂದು ಉಪದೇಶವೂ ಬೀಳಲಿಲ್ಲ. ಗುಡ್ಡದ ಇಳಿಜಾರಿನಲ್ಲಿ ನೂರಾರು ಜನರ ನಡುವೆ ಕೂತು ಅವಳು ಮಗ್ಗದ ಸದ್ದು ಕೇಳುತ್ತಿದ್ದಳು. ಈಗ ಹಸಿರು ಹೊಲದಲ್ಲಿ ಕೆಂಪು ಬಿದ್ದಿರುತ್ತದೆ, ಈಗ ಕೆಂಪು ಪಟ್ಟೆಯಲ್ಲಿ ಹಸಿರು. ಅಣ್ಣ ಸಿಳ್ಳೆ ಹಾಕುತ್ತ, ಏನೂ ತಿಳಿಯದೆ, ತನ್ನ ಮಾನವನ್ನು ತಾನೇ ಮೊಳಮೊಳ ಹಾಳು ಮಾಡಿಕೊಳ್ಳುತ್ತಿರುತ್ತಾನೆ. ಶನಿವಾರ ಒಮ್ಮೆ ಎದ್ದು ಮನೆಗೆ ಓಡಿಬಿಡೋಣ ಅನಿಸಿತು. ಮರುಗಳಿಗೆಗೇ, ಓಡಿ ಹೋಗಿ ಬುಟ್ಟಿ ಸರಿ ಮಾಡಿದರೆ ಸಾಯುವವರೆಗೂ ಅಲ್ಲೇ ಕೂರಬೇಕು ಅನಿಸಿತು. ಪ್ರಭುಭೋಜನಕ್ಕೆ ಎಲ್ಲರೂ ಎದ್ದಾಗ ಅವಳು ಮೇಜಿನ ಬಳಿ ಹೋಗಲಿಲ್ಲ. ರೊಟ್ಟಿ ಮುಟ್ಟುವ ಯೋಗ್ಯತೆ ತನಗಿಲ್ಲವೆಂದು ಅವಳಿಗೆ ನಿಜಕ್ಕೂ ಅನಿಸಿತ್ತು.

ಸೋಮವಾರ ಸಂಜೆ ಮರಳಿದಾಗ ಬಟ್ಟೆ ಮಗ್ಗದಿಂದ ಇಳಿದು ಸುರುಳಿಯಾಗಿ ಮೂಲೆ ಸೇರಿತ್ತು. ಟೊರ್ಕಿಲ್ ಎಂದಿನಂತೆಯೇ ಇದ್ದ. ಅವಳು ಸುರುಳಿಯನ್ನು ಬಿಚ್ಚಿ ನೋಡಲಿಲ್ಲ, ಬುಟ್ಟಿಗಳ ಕಡೆಗೂ ಕಣ್ಣು ಹಾಯಿಸಲಿಲ್ಲ. ಮಾರನೆಯ ದಿನ ಬಟ್ಟೆ ಬಡಿಯುವುದಕ್ಕೆ ಹೆಂಗಸರು ಬಂದರು. ನೇಯ್ದ ಉಣ್ಣೆಬಟ್ಟೆಯನ್ನು ಹಳಸಿದ ಮೂತ್ರದಲ್ಲಿ ನೆನೆಸಿ, ಉದ್ದ ಹಲಗೆಯ ಸುತ್ತ ಕೂತು, ತಾಳಕ್ಕೆ ಸರಿಯಾಗಿ ಬಡಿದು ಬಡಿದು ಮೆತ್ತಗೆ ಮಾಡುವ ಕೆಲಸ. ಅಲ್ಲಿಗೆ ಗಂಡಸರು ಕಾಲಿಡುವಂತಿಲ್ಲ. ಹಾಗಾಗಿ ಅಲ್ಲಿ ಬಾಯಿಗೆ ಅಂಕೆಯೂ ಇರುವುದಿಲ್ಲ. ಹಲಗೆಯ ತಲೆಯಲ್ಲಿ ಫ್ಲೋರಿ ದೊಡ್ಡಮ್ಮ ಕೂತಳು. ಹಾಡು ಕಟ್ಟಿ ಹೇಳಿಕೊಡುವವಳು ಅವಳೇ. ಹಲ್ಲಿಲ್ಲದಿದ್ದರೂ ನಾಲಗೆ ಚೂಪಾಗಿತ್ತು.

ಸುರುಳಿ ಬಿಚ್ಚುವಾಗ ಮಾರ್ಸಲಿ ಕಣ್ಣು ಮುಚ್ಚಿಕೊಂಡಳು. ಎಲ್ಲರೂ ಒಮ್ಮೆಗೇ ಉಸಿರೆಳೆದುಕೊಳ್ಳುವುದನ್ನು ಕಾದಳು. ಆಗ ಆಡಬೇಕಾದ ಮಾತನ್ನೂ ಹೊಂದಿಸಿಕೊಂಡಿದ್ದಳು. ಯಾರೂ ಉಸಿರೆಳೆಯಲಿಲ್ಲ. ಬಟ್ಟೆ ಹಲಗೆಯ ಮೇಲೆ ಥಪ್ಪನೆ ಬಿತ್ತು, ಯಾರೋ ನಾತಕ್ಕೆ ಮೂಗು ಮುರಿದರು, ತಾಳ ಶುರುವಾಯಿತು. ಕಣ್ಣು ಬಿಟ್ಟರೆ ಕೆಂಪಿನ ಮೇಲೆ ಕೆಂಪು. ಹಸಿರಿನ ಮೇಲೆ ಹಸಿರು. ಇಷ್ಟು ಚೆಂದದ ನೇಯ್ಗೆ ಟೊರ್ಕಿಲ್‌ನ ಕೈಯಿಂದ ಬಂದೇ ಇರಲಿಲ್ಲವೇನೋ.

ಬಡಿಯುವುದು ಮುಗಿದು, ಬಟ್ಟೆ ಸುತ್ತುವಾಗ ಚಪ್ಪಾಳೆ ಹಾಡು ಬರುತ್ತದೆ. ಮದುವೆಯಾಗದ ಒಬ್ಬೊಬ್ಬಳ ಹೆಸರಿಗೂ ಒಬ್ಬೊಬ್ಬ ಗಂಡಸನ್ನು ಗಂಟುಹಾಕಿ ಹಾಡುವುದು ರೂಢಿ. ಮಾರ್ಸಲಿಯ ಸರದಿ ಬಂದಾಗ ಫ್ಲೋರಿ ದೊಡ್ಡಮ್ಮ ಲಾಕ್ಲನ್‌ನ ದೋಣಿಗೆ ಹಾಯಿ ಇಲ್ಲವೆಂದೂ ಅವಳ ಲಂಗ ಬಿಚ್ಚಿ ಕಟ್ಟಿದರೆ ಗಾಳಿ ಹಿಡಿದೀತೆಂದೂ ಹಾಡಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಮಾರ್ಸಲಿ ನಗಲಿಲ್ಲ, ನಾಚಲೂ ಇಲ್ಲ. ಮುದುಕಿ ಹಾಡು ನಿಲ್ಲಿಸಿ ಅವಳನ್ನು ನೋಡಿದಳು.

"ಏನೇ, ಮುಖ ಯಾಕೆ ಹಾಲು ಒಡೆದಂಗಿದೆ?"

"ಏನಿಲ್ಲ ದೊಡ್ಡಮ್ಮ. ಬಟ್ಟೆ ಚೆನ್ನಾಗಿ ಬಂದಿದೆ ಅಂತ ನೋಡ್ತಿದ್ದೆ."

ಹೆಂಗಸರು ಹೋದ ಮೇಲೆ ಅವಳು ಮಗ್ಗದ ಬಳಿ ಹೋದಳು. ಅವಸರದಲ್ಲಿ ಬುಟ್ಟಿ ಬದಲಿಸಲು ತಾನೇ ಮರೆತೆನೇ? ತಾನು ಅಷ್ಟೂ ದಿನ ಬೆಂದದ್ದು ಸುಳ್ಳಿಗೇ? ತಳದಲ್ಲಿ ಮಿಕ್ಕ ಕಂಡಿಕೆಗಳನ್ನು ಬಾಗಿ ನೋಡಿದಳು. ಎಡಬುಟ್ಟಿಯಲ್ಲಿ ಕೆಂಪು. ಬಲಬುಟ್ಟಿಯಲ್ಲಿ ಹಸಿರು. ಅವಳು ಇಟ್ಟು ಹೋದಂತೆಯೇ ಇದ್ದವು. ಹಾಗಾದರೆ ಅಣ್ಣ ಕೆಂಪು ಬೇಕಾದಾಗಲೆಲ್ಲ ಎಡಕ್ಕೆ ಕೈ ಹಾಕಿದ್ದಾನೆ, ಹಸಿರು ಬೇಕಾದಾಗ ಬಲಕ್ಕೆ.

ಅವಳು ಬುಟ್ಟಿಯ ಅಂಚು ಹಿಡಿದು ಅಲ್ಲೇ ಕೂತಳು. ಕೋಳಿಗಳು ನೆನಪಾದವು.

ಟೊರ್ಕಿಲ್ ಒಳಗೆ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಅವನು ಓಟ್ಸ್ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ಬೆಂಕಿಯ ಮುಂದೆ ಕೂತ. ಅವಳು ಎರಡು ಕಂಡಿಕೆಗಳನ್ನು ತಂದು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. ಅವನು ಅವುಗಳನ್ನು ನೋಡಿದ, ಅವಳನ್ನು ನೋಡಿದ, ರೊಟ್ಟಿ ಕೆಳಗಿಟ್ಟ.

"ಮೊದಲನೇ ಕಂಡಿಕೆ ಬಾಯಿಗಿಟ್ಟಾಗಲೇ ಗೊತ್ತಾಯ್ತು," ಎಂದ. "ಹೊರಡೋ ಅವಸರದಲ್ಲಿ ಬುಟ್ಟಿ ಅದಲುಬದಲು ಮಾಡಿದೀಯ ಅಂದ್ಕೊಂಡೆ."

"ಅವಸರ ಅಲ್ಲ. ಬೇಕಂತಲೇ ಇಟ್ಟೆ."

ಅವನು ತಟ್ಟೆಯನ್ನು ಆಚೆ ತಳ್ಳಿದ. ಮನೆ ಹೋಗುತ್ತಿತ್ತಲ್ಲೇ ಎಂದ. ಗೊತ್ತು ಎಂದಳು. ಆ ಕ್ಷಣ ಇಬ್ಬರೂ ಸಮ ಎನ್ನಬಹುದಾಗಿತ್ತು. ಆದರೆ ಮಾರ್ಸಲಿ ಇನ್ನೂ ಕೇಳಿ ಮುಗಿಸಿರಲಿಲ್ಲ.

"ಬಾಯಿಗಿಟ್ಟಾಗ ಅಂದ್ರೆ ಏನೋ ಅಣ್ಣ?"

ಅವನು ಹೇಳಿದ. ಕೆಂಪು ಕಟ್ಟುವುದು ಗಿಡದ ಬೇರಿನಿಂದ, ಅದಕ್ಕೆ ಬೇರಿನ ಸಿಹಿ, ಮಣ್ಣಿನ ವಾಸನೆ. ಹಸಿರಾಗಬೇಕಾದರೆ ನೂಲು ಮೊದಲು ನೀಲಿಯ ಹಂಡೆಯಲ್ಲಿ ಮುಳುಗಬೇಕು. ಆ ಹಂಡೆಯಲ್ಲಿರುವುದೂ ಊರವರ ಹಳಸಿದ ಮೂತ್ರವೇ. ಆಮೇಲೆ ಹೀದರ್ ಗಿಡದ ತುದಿಯ ಹಳದಿಯಲ್ಲಿ ಅದ್ದಬೇಕು. ಎಷ್ಟು ಜಾಲಾಡಿದರೂ ನಾಲಗೆಗೆ ಉಪ್ಪುಪ್ಪು, ಒಗರು. ಲಾಳಿಗೆ ತುಟಿ ಹಚ್ಚಿ ಉಸಿರೆಳೆದರೆ ಸಾಕು, ಕಣ್ಣು ಬೇಕಿಲ್ಲ. ಹೇಳುತ್ತ ಹೇಳುತ್ತ ಅವನ ದನಿಯಲ್ಲಿ ಸಣ್ಣ ಹೆಮ್ಮೆಯೂ ಬಂದಿತ್ತು, ಪಾಪ. ಇದನ್ನು ಯಾರಿಗೂ ಹೇಳದೆ ಅವನೂ ಎಷ್ಟು ಕಾಲ ನುಂಗಿಕೊಂಡಿದ್ದನೋ.

"ಯಾವಾಗಿಂದ?"

"ಅಮ್ಮ ಹೋದ ಚಳಿಗಾಲ."

"ಹಂಗಾದ್ರೆ ಲಾಕ್ಲನ್ ಮೊದಲ ಸಲ ಕೇಳ್ದಾಗ?"

ಟೊರ್ಕಿಲ್ ಬೆಂಕಿಯ ಕಡೆ ತಿರುಗಿದ. "ಗೊತ್ತಿತ್ತು."

"ಒಂದು ಮಾತು ಹೇಳಲಿಲ್ಲವಲ್ಲೋ."

"ಹೇಳಿದ್ರೆ ನೀನು ಹೋಗ್ತಿದ್ದೆ."

ಅವನು ಅದನ್ನು ಸಣ್ಣ ಹುಡುಗನಂತೆ ಹೇಳಿದ. ಪ್ರೀತಿ ಎಂದು ಕರೆಯಬೇಕಿದ್ದರೆ ಕರೆಯಿರಿ, ಅದರಲ್ಲಿ ಪ್ರೀತಿ ಇಲ್ಲದೆ ಇರಲಿಲ್ಲ. ಮಾರ್ಸಲಿಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು, ಅದೂ ಹೆಚ್ಚಿನ ಪಾಲು ತನ್ನ ಮೇಲೆಯೇ. ಇಪ್ಪತ್ತು ವರ್ಷಕ್ಕೂ ಮೇಲಾಗಿ, ಪಕ್ಕದಲ್ಲೇ ಕೂತು, ಅವನು ಲಾಳಿಗೆ ಬಾಯಿ ಹಚ್ಚುವುದನ್ನು ದಿನಾ ನೋಡಿದ್ದಾಳೆ. ಹುಡುಗಿಯರು ನಕ್ಕಾಗ ತಾನೂ ನಕ್ಕಿದ್ದಾಳೆ. ಬಾಗಿಲಿಗೆ ಚಿಲಕವೇ ಇರದಿದ್ದ ಮನೆಯಲ್ಲಿ ಸೆರೆ ಕೂತಿದ್ದಳು. ಕುಣಿಯದೆ ಬಿಟ್ಟ ಮೂರನೆಯ ಕುಣಿತಗಳೆಲ್ಲ ಒಟ್ಟಿಗೇ ಕಾಲಿಗೆ ಬಂದಂತಾಯಿತು.

ಅಂದೇ ಎದ್ದು ಹೋದಳು ಎಂದು ಹೇಳಿದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ಹೋಗಲಿಲ್ಲ. ಮರುದಿನ ಬೆಳಗಾದರೆ ಅವಳು ರಾಟೆಯ ಮುಂದೆಯೇ ಇದ್ದಳು, ಅದರ ಮರುದಿನವೂ. ಕೈ ತಾನೇ ಕಂಡಿಕೆ ಸುತ್ತುತ್ತಿತ್ತು, ತಾನೇ ಎಡಕ್ಕೆ ಬಲಕ್ಕೆ ವಿಂಗಡಿಸುತ್ತಿತ್ತು. ಹೋಗಬಹುದು ಎಂದು ತಿಳಿದ ಮೇಲೆ ಕಾಲು ಇನ್ನಷ್ಟು ಭಾರವಾಗಿತ್ತು. ಅಣ್ಣನಿಗೆ ತನ್ನ ಅಗತ್ಯವೇ ಇಲ್ಲವಾದರೆ ಇಷ್ಟು ಕಾಲ ತಾನು ಯಾರು ಎಂಬ ಪ್ರಶ್ನೆ ಅವಳನ್ನು ಕಟ್ಟಿಹಾಕಿತ್ತು. ಟೊರ್ಕಿಲ್ ಇದನ್ನೆಲ್ಲ ನೋಡಿ ಎಲ್ಲವೂ ಹಳೆಯ ದಾರಿಗೆ ಬಂತೆಂದುಕೊಂಡ. ಮೂರನೆಯ ದಿನ ಸಿಳ್ಳೆಯೂ ಮರಳಿತು.

ಆ ಸಿಳ್ಳೆ ಕೇಳಿದ ಮೇಲೆಯೇ ಅವಳು ಪೆಟ್ಟಿಗೆ ತೆರೆದು ತನ್ನ ಬಟ್ಟೆ ಮಡಚಿದ್ದು.

ಗಡುವಿನ ದಿನ ಬೆಳಿಗ್ಗೆ ರಸ್ತೆಯಲ್ಲಿ ಗಾಡಿಗಳ ಸಾಲು. ಮಂಚ, ಮಡಕೆ, ಕೋಳಿಗೂಡು ಹೇರಿಕೊಂಡು ಕಣಿವೆಯ ಅರ್ಧ ಜನ ಮನೆ ಬದಲಿಸುತ್ತಿದ್ದರು. ಲಾಕ್ಲನ್‌ನ ಗಾಡಿ ಬಾಗಿಲ ಮುಂದೆ ನಿಂತಿತು. ಅವನು ಇಳಿಯಲಿಲ್ಲ, ಕರೆಯಲಿಲ್ಲ. ಲಗಾಮು ಹಿಡಿದು ಕುದುರೆಯ ಕಿವಿ ನೋಡುತ್ತ ಕೂತ. ಮಾರ್ಸಲಿ ಒಲೆಯ ಬೆಂಕಿಗೆ ಬೂದಿ ಮುಚ್ಚಿದಳು, ಶಾಲು ಹೊದ್ದಳು, ಗಂಟು ಎತ್ತಿಕೊಂಡಳು. ಟೊರ್ಕಿಲ್ ಮಗ್ಗದಲ್ಲಿದ್ದ. ಹೊಸ ಹಾಸು ಹೂಡಿಯಾಗಿತ್ತು. ಅವನ ಕೈಯಲ್ಲಿ ಒಂದು ಕಂಡಿಕೆ ಇತ್ತು. ಅವಳು ಹೊಸ್ತಿಲು ತಲುಪುವಷ್ಟರಲ್ಲಿ ಅವನು ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ.

"ಮಾರ್ಸಲೀ," ಎಂದ. "ಇದ್ಯಾವುದೇ?"

ಅದು ಹಸಿರು. ಹೊಸ್ತಿಲಿನಿಂದಲೇ ಕಾಣುತ್ತಿತ್ತು. ಹಸಿರು ಎಂಬ ಮಾತು ಅವಳ ನಾಲಗೆಯ ತುದಿಗೂ ಬಂದಿತ್ತು, ತುಟಿಯೂ ತೆರೆದಿತ್ತು. ಇನ್ನೊಂದು ಉಸಿರಿನಲ್ಲಿ ಹೇಳಿಯೇಬಿಡುತ್ತಿದ್ದಳು. ಹೇಳಿದ್ದರೆ ಗಂಟು ಕೆಳಗಿಳಿಯುತ್ತಿತ್ತು.

"ನೆಕ್ಕಿ ನೋಡಣ್ಣ," ಎಂದಳು.

ಲಾಕ್ಲನ್ ಪಕ್ಕಕ್ಕೆ ಸರಿದು ಜಾಗ ಮಾಡಿದ. ಗಾಡಿ ಹೊರಟಿತು. ಸೇತುವೆ ದಾಟುವವರೆಗೂ ಅವಳು ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಸೇತುವೆಯ ಆಚೆ ದಡ ತಲುಪಿದಾಗ, ಬಹಳ ಹಿಂದಿನಿಂದ, ಮಗ್ಗದ ಸದ್ದು ಶುರುವಾಯಿತು.